ಒಂದೇ ಲೆನ್ಸಿನವಳು

ಹೆಣ್ಣಿನ ಕಡೆಯ ಫೋಟೋಗ್ರಾಫರ್ ನಾನು. ನನ್ನ ಬ್ಯಾಗಿನಲ್ಲಿ ಐದು ಲೆನ್ಸ್. ಗಂಡಿನ ಕಡೆಯವರು ಕರೆಸಿದ್ದವಳು ಒಂದೇ ಒಂದು ಝೂಮ್ ಲೆನ್ಸ್ ಹಿಡಿದು ಮಂಟಪಕ್ಕೆ ಬಂದಿದ್ದಳು.

"ಬೆಳಕು ಕಮ್ಮಿಯಾದ್ರೆ ಒದ್ದಾಡುತ್ತೆ, ಫೋಟೋದ ಮೂಲೆಗಳೆಲ್ಲ ಮಸುಕು. ಇದೂ ಒಂದು ಲೆನ್ಸಾ?" ಎಂದೆ.

"ಮೂಲೆ ಮಸುಕೇ ಸಾರ್. ಆದ್ರೆ ಹತ್ತಿರದ್ದೂ ದೂರದ್ದೂ ಇದೊಂದರಲ್ಲೇ ಸಿಗುತ್ತೆ."

"ಎಲ್ಲದಕ್ಕೂ ಒಂದೇ ಸಾಕು ಅನ್ನೋದು ಸೋಮಾರಿಗಳ ಮಾತು ಕಣಮ್ಮ. ಮಂಟಪಕ್ಕೆ ಒಂದು, ತಾಳಿಗೆ ಒಂದು. ನಾನು ಹೇಗೆ ತೆಗೀತೀನಿ ನೋಡಿ ಕಲಿ."

"ಗಟ್ಟಿಮೇಳ, ಗಟ್ಟಿಮೇಳ!" ಪುರೋಹಿತರು ಕೂಗಿದರು. ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಎಸೆದರು. ಪಕ್ಕದಲ್ಲಿ ಅವಳ ಕ್ಯಾಮೆರಾ ಒಂದೇ ಸಮನೆ ಕ್ಲಿಕ್ಕಿಸುತ್ತಿತ್ತು.

ವಾಲಗ ನಿಂತಾಗ ಮದುಮಗಳ ಕೊರಳಲ್ಲಿ ತಾಳಿಯಿತ್ತು. ನನ್ನ ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಇನ್ನೂ ಜೋಡಿಸದ ತಾಳಿಯ ಲೆನ್ಸ್ ಇತ್ತು.