ಗುಡ್ಡದ ಈಚೆಯ ಗಾಳಿ

ಪಂಚಾಯ್ತಿ ಮೆಂಬರ್ ಅಣ್ಣಾಸಾಬ ಚಾಚಿದ ಒಪ್ಪಿಗೆಪತ್ರವನ್ನು ದುಂಡವ್ವ ಓದಲೂ ಇಲ್ಲ, ಮಡಚಿ ಅವನ ಕಿಸೆಗೇ ತುರುಕಿದಳು.

"ಸಹಿ ಹಾಕಂಗಿಲ್ಲ. ಕಡಲಿ ತೂರೂದೈತಿ, ದಾರಿ ಬಿಡ್ರಿ."

ಊರಿನ ಪಡುವಣಕ್ಕೆ ಗುಡ್ಡ, ಮೂಡಣಕ್ಕೆ ದುಂಡವ್ವನ ಹೊಲ ಮತ್ತು ಕಣ. ಅದಕ್ಕೆ ಹತ್ತಿದ ಬಯಲಿನಲ್ಲಿ ಕಲ್ಲು ಒಡೆಯುವ ಕ್ರಷರ್ ಬರುವುದಿತ್ತು. ಪಕ್ಕದ ಹೊಲದವರ ಒಪ್ಪಿಗೆ ತನ್ನಿ ಎಂದು ಕಚೇರಿಯವರು ಹೇಳಿದ್ದಕ್ಕೇ ಮಾಲೀಕ ರಾವಸಾಹೇಬ ಚಿಕ್ಕೋಡಿಯಿಂದ ಕಾರು ಬಿಟ್ಟುಕೊಂಡು ಬಂದಿದ್ದ. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ದಪ್ಪನೆಯ ರಿಪೋರ್ಟು.

"ಆಯಿ, ಯಾಕ ಹಟಾ ಮಾಡ್ತೀರಿ? ತಿಳದಾವ್ರು ಬರದಾರ ನೋಡ್ರಿ. ಇಲ್ಲಿ ಗಾಳಿ ಪಡುವಲದಿಂದ ಮೂಡಲಕ್ಕ ಬೀಸ್ತೈತಿ. ಧೂಳಿ ಎಲ್ಲಾ ಆ ಕಡೆ ಹೋಗ್ತೈತಿ, ಊರ ಕಡೆ ಬರಂಗಿಲ್ಲ." ಅವನು ಗುಡ್ಡದ ತುದಿಯ ಗುಡಿಯ ಬಾವುಟ ತೋರಿಸಿದ. ಅದು ಮೂಡಣಕ್ಕೇ ಹಾರುತ್ತಿತ್ತು.

"ಅದು ಮ್ಯಾಲಿನ ಗಾಳಿ. ಗುಡ್ಡಾ ಹಾರಿದ ಗಾಳಿ ನೆಲಕ್ಕ ಬಿದ್ದು ಹೊಳ್ಳಿ ಗುಡ್ಡದ ಕಡೇನ ಬರ್ತೈತ್ರಿ. ಹಳ್ಳದಾಗ ಬಂಡಿಗಲ್ಲಿನ ಹಿಂದ ನೀರು ಹೊಳ್ಳೂದು ನೋಡಿಲ್ಲೇನು?"

ಪಾಲಬಾವಿಯ ಬಯಲಿನಿಂದ ಸೊಸೆಯಾಗಿ ಬಂದ ವರ್ಷ ಅವಳೂ ತವರಿನ ರೂಢಿಯಂತೆ ಗುಡ್ಡಕ್ಕೆ ಬೆನ್ನು ಮಾಡಿ ತೂರಿ, ಹೊಟ್ಟೆಲ್ಲ ಮುಖಕ್ಕೆ ಬಡಿಸಿಕೊಂಡಿದ್ದಳು. ಈ ಊರಿಗೆ ಬಂದ ಸೊಸೆಯರೆಲ್ಲ ಒಂದು ಸಲ ಮಾಡುವ ತಪ್ಪು ಅದು. ಅತ್ತೆಯಂದಿರು ನಕ್ಕು, ತಿರುಗಿಸಿ ನಿಲ್ಲಿಸುತ್ತಿದ್ದರು. ರಿಪೋರ್ಟು ಬರೆದವರನ್ನು ತಿರುಗಿಸಿ ನಿಲ್ಲಿಸಲು ಯಾವ ಅತ್ತೆ ಇದ್ದಳು?

"ಸಾಲಿ ಕಲೀದಾವ್ರು ನಮಗ ಗಾಳಿ ಪಾಠಾ ಹೇಳಾಕತ್ತಾರ," ರಾವಸಾಹೇಬ ಅಣ್ಣಾಸಾಬನ ಕಡೆ ನೋಡಿ ನಕ್ಕ.

ದುಂಡವ್ವನಿಗೆ ಮೈಯೆಲ್ಲ ಉರಿಯಿತು. ಅವಳ ಮೊಮ್ಮಗಳು ಸೋನಾಲಿಗೆ ಈಗಲೇ ದಮ್ಮು. ಬಾಯಿಗೆ ಪಂಪು ಹಿಡಿಯದೆ ನಾಲ್ಕು ಹೆಜ್ಜೆ ಓಡಲಾರಳು.

"ಹಂಗಾರ ನಿಮ್ಮ ರಿಪೋರ್ಟು ಹೇಳಿದಲ್ಲೇ ನಿಲ್ರಿ. ಧೂಳಿ ಬರದ ಕಡೆ."

ರಾವಸಾಹೇಬ ಗುಡ್ಡದ ಕಡೆ ಹೋಗಿ ಕೈ ಕಟ್ಟಿಕೊಂಡು ನಿಂತ. ದುಂಡವ್ವ ಬುಟ್ಟಿಯನ್ನು ತಲೆಯ ಮೇಲೆತ್ತಿ ಓರೆ ಮಾಡಿದಳು. ಕಡಲೆ ಅವಳ ಕಾಲಬುಡದಲ್ಲೇ ಬಿತ್ತು. ಹೊಟ್ಟು ಮಾತ್ರ ನೆಟ್ಟಗೆ ಬಿಳಿ ಅಂಗಿಗೆ ಹೋಯಿತು. ಕಣ್ಣಿಗೆ, ಮೂಗಿಗೆ, ನಗಲು ತೆರೆದಿದ್ದ ಬಾಯಿಗೂ. ಅಣ್ಣಾಸಾಬ ಟವೆಲ್ಲಿನಿಂದ ತನ್ನ ನಗೆ ಮುಚ್ಚಿಕೊಂಡ.

"ಏ, ಸಾಕ, ಸಾಕ! ನಿಲ್ಲಸ್ರಿ!" ಕೆಮ್ಮುತ್ತ ರಾವಸಾಹೇಬ ಕೂಗಿದ.

ದುಂಡವ್ವ ಇನ್ನೊಂದು ಬುಟ್ಟಿ ತುಂಬಿ ಮೇಲೆತ್ತಿದಳು.

"ಒಂದ ಬುಟ್ಟಿ ಹೊಟ್ಟಿಗೇ ಸಾಕ ಅಂತ ಒದರಿದ್ರಿ, ನಾ ಕೇಳ್ದೆ. ನಿಮ್ಮ ಮಷೀನು ಗಡಗಡ ತಿರಗೂ ಮುಂದ ನನ್ನ ಮೊಮ್ಮಗಳು ಸಾಕ ಅಂದ್ರ, ಯಾರಿಗೆ ಕೇಳಸ್ತೈತ್ರಿ?"