ಷರಾ

"ನನ್ನ ವಿಳಾಸ ತೆಗೀರಿ ಸಾಹೇಬ್ರ," ಎಂದು ಮಾನಮ್ಮ ತನ್ನ ಮೊಬೈಲನ್ನು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ನಿಗಮದ ವೆಬ್‌ಸೈಟು ಇತ್ತು, ಅದರಲ್ಲಿ ಹೊಲಿಗೆ ಮಷಿನ್ ಮಂಜೂರಾದವರ ಪಟ್ಟಿ. ಹದಿನೇಳನೆಯ ಸಾಲಿನಲ್ಲಿ ಅವಳ ಹೆಸರು, ಗಂಡನ ಹೆಸರು, ಕಪನೂರದ ಬಾಡಿಗೆ ಕೋಣೆಯ ನಂಬರು, ಫೋನ್ ನಂಬರು ಎಲ್ಲವನ್ನೂ ಹಾಕಿದ್ದರು. ಬೆಳಿಗ್ಗೆ ಏನು ಪಲ್ಯ ಮಾಡಿದ್ದಳು ಅನ್ನುವುದೊಂದನ್ನು ಬಿಟ್ಟಿದ್ದರು.

ಕಲಬುರಗಿಯ ಆ ಕಚೇರಿಯಲ್ಲಿ ವೆಬ್‌ಸೈಟು ನೋಡಿಕೊಳ್ಳುವ ಗುಮಾಸ್ತ ವಿವೇಕಾನಂದ ಕನ್ನಡಕ ಏರಿಸಿ ಆ ಸಾಲನ್ನು ಓದಿದ.

"ಯಾಕ ತೆಗೀಬೇಕವ್ವಾ? ಎಲ್ಲಾ ಬರೋಬ್ಬರಿ ಅದಲ್ಲ!"

"ಬರೋಬ್ಬರಿ ಅದ, ಅದಕ್ಕೇ ತೆಗೀರಿ ಅನ್ನಾಕತ್ತೀನಿ."

ಗಂಡನ ಹೊಡೆತ ತಾಳಲಾರದೆ ಅವಳು ಕಮಲಾಪುರದ ಮನೆ ಬಿಟ್ಟು ಎಂಟು ತಿಂಗಳಾಗಿತ್ತು. ಎಲ್ಲಿದ್ದೇನೆಂದು ತವರಿಗೂ ಹೇಳದೆ, ಕಪನೂರದ ಬೇಳೆ ಮಿಲ್ಲಿನಲ್ಲಿ ದುಡಿಯುತ್ತಿದ್ದಳು. ಹೆದ್ದಾರಿ ಬದಿಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಗಂಡ ಭೀಮಶಾ ಎಲ್ಲೆಲ್ಲೋ ಹುಡುಕಿ ಸೋತಿದ್ದ. ಕೊನೆಗೆ ಒಂದು ದಿನ ಮೊಬೈಲಿನಲ್ಲಿ ಬರೀ ತನ್ನ ಹೆಸರು ಹಾಕಿ ನೋಡಿದ. ಸರ್ಕಾರ ಅವನ ಹೆಸರಿನ ಪಕ್ಕದಲ್ಲೇ ಹೆಂಡತಿಯನ್ನು ಕೂರಿಸಿ ತೋರಿಸಿತು. ಹೋದ ಸೋಮವಾರ ಅವನು ಬಂದು ಕೋಣೆಯ ಬಾಗಿಲು ಮುರಿದಾಗ ಅವಳು ಮಿಲ್ಲಿನಲ್ಲಿದ್ದಳು, ಅದಕ್ಕೆ ಉಳಿದಳು. "ಎಲ್ಲಿ ಹೋದ್ರೂ ಆ ಪಟ್ಟಿಯಾಗ ಬರ್ತಾಳ. ದಿನಾ ನೋಡ್ತೀನಿ ಅಂತ ಹೇಳ್ರಿ ಆಕಿಗಿ," ಎಂದು ಅವನು ನೆರೆಯವರಿಗೆ ಹೇಳಿ ಹೋಗಿದ್ದ. ಅಂದೇ ರಾತ್ರಿ ಅವಳು ಆ ಕೋಣೆ ಬಿಟ್ಟಿದ್ದಳು.

ಇಷ್ಟನ್ನೂ ಕೇಳಿದ ವಿವೇಕಾನಂದ ಮರುಗುವ ಬದಲು ಮುನಿಸಿಕೊಂಡ. ತನ್ನ ವೆಬ್‌ಸೈಟಿಗೇ ಹೆಸರಿಡುವುದೆಂದರೇನು?

"ನಮ್ಮ ಕಡಿಂದ ಮಾಹಿತಿ ಹೋಗೂದು ಸಾಧ್ಯನೇ ಇಲ್ಲವ್ವಾ. ಇಲ್ಲಿ ಓದ್ರಿ," ಎಂದು ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. 'ತಮ್ಮ ವೈಯಕ್ತಿಕ ಮಾಹಿತಿಯನ್ನು ಯಾರೊಂದಿಗೂ ಹಂಚಿಕೊಳ್ಳಲಾಗುವುದಿಲ್ಲ' ಎಂದು ದಪ್ಪ ಅಕ್ಷರದಲ್ಲಿತ್ತು.

"ಮತ್ತ ಈ ಪಟ್ಟಿ?"

"ಅದು ಹಂಚಿಕೊಳ್ಳೂದಲ್ರೀ, ಪ್ರಕಟಣೆ. ಹಂಚೂದು ಬ್ಯಾರೆ, ಪ್ರಕಟಣೆ ಬ್ಯಾರೆ." ಎಂಥ ಸೂಕ್ಷ್ಮ ಹೇಳಿದೆನೆಂದು ಅವನೇ ಒಮ್ಮೆ ತಲೆದೂಗಿದ. "ಇಷ್ಟಕ್ಕೂ ಇದನ್ನ ಯಾರ ನೋಡ್ತಾರ್ರೀ? ಕೆಳಗ ನೋಡ್ರಿ, ಇಂದಿನ ಸಂದರ್ಶಕರು ಎರಡ. ಒಬ್ಬರು ನೀವು, ಒಬ್ಬಾಂವ ನಾನು. ಒಬ್ಬರು ಎಷ್ಟ ಸಲ ತೆಗದ್ರೂ ಒಂದ ಅಂತ ಹಿಡೀತದ."

"ಅಂವ ಇನ್ನಾ ಎದ್ದಿರಾಕಿಲ್ಲ. ಅಷ್ಟರಾಗ ತೆಗೀರಿ, ನಿಮ್ಮ ಕಾಲಿಗಿ ಬೀಳ್ತೀನಿ."

"ತೆಗಿಯೂ ಫಾರಂ ನಮ್ಮಲ್ಲಿ ಇಲ್ಲ. ತಿದ್ದುಪಡಿ ಫಾರಂ ಅದ." ಅವನು ಡ್ರಾವರಿನಿಂದ ಹಾಳೆಯೊಂದನ್ನು ಎಳೆದ. "ಈಗ ಎಲ್ಲಿ ಅದೀರಿ?"

ಮಾನಮ್ಮ ಮೇಜಿನ ಮೇಲಿನ ಮೊಬೈಲನ್ನು ಎತ್ತಿ ಸೆರಗಿನಲ್ಲಿ ಮುಚ್ಚಿಕೊಂಡಳು.

"ಹೇಳ್ಲಿಲ್ಲಂದ್ರ ಅರ್ಜಿ ವಜಾ ಆಗ್ತದ ನೋಡ್ರಿ. ಮಷಿನ್ ತರಾವ್ರು ಎಲ್ಲಿಗಿ ತರಬೇಕು? ಇದೆಲ್ಲಾ ಗೌಪ್ಯ ಇರ್ತದ, ಹೆದರಬ್ಯಾಡ್ರಿ."

ಗೌಪ್ಯ ಅನ್ನುವ ಮಾತನ್ನು ಅವನು ಎಷ್ಟು ಗಂಭೀರವಾಗಿ ಹೇಳಿದನೆಂದರೆ ಅವಳು ನಂಬಿದಳು. ಮಷಿನ್ ಬಂದರೆ ಮಿಲ್ಲಿಗೆ ಹೋಗುವುದೂ ತಪ್ಪುತ್ತಿತ್ತು, ಮನೆಯೊಳಗೇ ಕೂತು ಹೊಟ್ಟೆ ಹೊರೆಯಬಹುದಿತ್ತು. ಮೆಲ್ಲಗೆ, ಪಕ್ಕದ ಮೇಜಿಗೂ ಕೇಳದ ಹಾಗೆ ಹೇಳಿದಳು: "ಬ್ರಹ್ಮಪುರದಾಗ, ಅಂಬಮ್ಮನ ಮನ್ಯಾಗ. ಗುಡಿ ಹಿಂದಿನ ಓಣಿ, ಎಡಕ್ಕ ಮೂರನೇ ಮನಿ."

"ತಿದ್ದುಪಡಿಗಿ ಕಾರಣ?"

"ಗಂಡಗ ಗೊತ್ತಾಗಬಾರದ್ರೀ, ಅಷ್ಟ."

ವಿವೇಕಾನಂದ ಕಾರಣವನ್ನೂ ಬರೆದುಕೊಂಡ. ವಿಧವೆಯರ ಕಡತಗಳು ವರ್ಷಗಟ್ಟಲೆ ಮಿಸುಕಾಡದ ಆ ಕಚೇರಿಯಲ್ಲಿ ಈ ಒಂದು ಕೆಲಸ ಮಾತ್ರ ಐದೇ ನಿಮಿಷದಲ್ಲಿ ಮುಗಿಯಿತು. ಕೀಲಿಮಣೆಯ ಮೇಲೆ ಎರಡು ಬೆರಳು ಕುಟ್ಟಿ, "ಆತು ಹೋಗ್ರಿ. ಸರ್ಕಾರಿ ಕೆಲಸ ತಡ ಅಂತ ಯಾರ ಅಂದಾರ?" ಎಂದು ನಕ್ಕ. ಮಾನಮ್ಮ ಎರಡೂ ಕೈ ಜೋಡಿಸಿ ಹೊರಗೆ ಬಂದಳು. ಎಷ್ಟೋ ದಿನಗಳ ಮೇಲೆ ಮೈ ಹಗುರಾಗಿತ್ತು.

ಕಚೇರಿಯ ಮೆಟ್ಟಿಲ ಮೇಲೆ ನಿಂತು, ಒಮ್ಮೆ ಕಣ್ಣಾರೆ ನೋಡಿಯೇ ಹೋಗೋಣವೆಂದು ಮೊಬೈಲು ತೆರೆದಳು. ಹದಿನೇಳನೆಯ ಸಾಲಿನಲ್ಲಿ ಕಪನೂರ ಹೋಗಿತ್ತು. ಅದರ ಜಾಗದಲ್ಲಿ ಬ್ರಹ್ಮಪುರ, ಅಂಬಮ್ಮನ ಮನೆ, ಗುಡಿ ಹಿಂದಿನ ಓಣಿ, ಎಡಕ್ಕೆ ಮೂರನೇ ಮನೆ ಎಂದು ಒಂದಕ್ಷರವೂ ತಪ್ಪದೆ ಕೂತಿತ್ತು. ಕೊನೆಯಲ್ಲಿ ಷರಾ ಎಂಬ ಕಾಲಂ. ಒಳಗೆ ಹೋಗುವಾಗ ಖಾಲಿಯಿದ್ದ ಅಲ್ಲಿ ಈಗ ಅಚ್ಚುಕಟ್ಟಾಗಿ ಬರೆದಿತ್ತು: 'ಗಂಡನಿಗೆ ತಿಳಿಯಬಾರದು.'

ಅವಳು ಪುಟವನ್ನು ಕೆಳಕ್ಕೆ ಸರಿಸಿದಳು.

ಇಂದಿನ ಸಂದರ್ಶಕರು: 3.

ಮಾನಮ್ಮ ಒಂದು ಬೆರಳು ಮಡಚಿದಳು, ಒಳಗೆ ಕೂತ ಗುಮಾಸ್ತ. ಇನ್ನೊಂದು ಮಡಚಿದಳು, ತಾನು. ಮೂರನೆಯ ಬೆರಳು ಹಾಗೇ ನಿಂತಿತು.