ಅರ್ಧ ಸಾಬೂನು

ಅಂಜಿನಕ್ಕ ಡಾಂಬರಿನ ಡಬ್ಬಿಯನ್ನು ಒಲೆಯಿಂದ ಇಳಿಸುವಾಗ ಮೈದುನ ಓಬಣ್ಣ ಬೆನ್ನ ಹಿಂದೆಯೇ ನಿಂತಿದ್ದ.

“ಸೀಳುಗೀಳು ಬಿಟ್ಟೀ ಅತ್ತಿಗಿ. ನನ್ ಮಗಳು ಕುಂದ್ರೋ ದೋಣಿ.”

“ನಿಮ್ಮಣ್ಣನ ದೋಣಿಗೆ ನೀನು ಹೆಂಗ ಬಳ್ದಿದ್ದಿ, ಹಂಗ ಬಳೀತೀನಿ ತಗಾ.”

ಓಬಣ್ಣ ಬೀಡಿ ಹಚ್ಚಿಕೊಳ್ಳಲು ಹೋದ. ಕಡ್ಡಿ ಮೇಲೆ ಕಡ್ಡಿ ಹಾಳಾಯಿತು.

ಹೋದ ಮಳೆಗಾಲ ಅಂಜಿನಕ್ಕನ ಗಂಡ ಉಚ್ಚಂಗೆಪ್ಪ ಹಂಪಸಾಗರದ ಹಿನ್ನೀರಿನಲ್ಲಿ ಮುಳುಗಿದ್ದ. ಗಾಳಿಗೆ ಮುಳುಗಿತು ಅಂದ ಓಬಣ್ಣ; ಊರೂ ಹಾಗೇ ಅಂದಿತು. ಅವನ ಮೀನಿನ ಹಕ್ಕು ತಮ್ಮನ ಪಾಲಾಯಿತು. ಮಗುಚಿಕೊಂಡು ದಡಕ್ಕೆ ಬಂದ ದೋಣಿಯ ಸೀಳಿನಲ್ಲಿ ಅಂಜಿನಕ್ಕ ಬೆರಳಾಡಿಸಿದ್ದಳು. ಬೆರಳನ್ನು ಮೂಸಿ, ಸೆರಗಿಗೆ ಒರೆಸಿಕೊಂಡು, ಯಾರಿಗೂ ಏನೂ ಹೇಳಿರಲಿಲ್ಲ. ಅವತ್ತಿನಿಂದ ಅವಳೊಳಗೆ ಇದ್ದದ್ದು ಒಂದೇ ಮಾತು: ಓಬಣ್ಣನಿಗೆ ನೀರು ಕುಡಿಸಬೇಕು.

ಮದುಮಗಳು ನೀರಿನ ದಾರಿಯಲ್ಲಿ ಗಂಡನ ಊರಿಗೆ ಹೊರಟರೆ, ದೋಣಿಗೆ ಡಾಂಬರು ಬಳಿದು ಹಾಯಿ ಕಟ್ಟಿಕೊಡುವುದು ದೊಡ್ಡಮ್ಮನ ಕೆಲಸ. ದಡದ ಮನೆಗಳ ಪದ್ಧತಿ. ಓಬಣ್ಣನೂ ಬೇಡವೆನ್ನುವಂತಿರಲಿಲ್ಲ.

ಅವಳು ಅಂಗಡಿಯಿಂದ ಬಟ್ಟೆ ಸಾಬೂನು ತಂದಳು. ಡಾಂಬರು ಹತ್ತಿದ ಕೈಗೆ ಸಾಬೂನು ಏನೂ ಮಾಡದು, ಸೀಮೆಎಣ್ಣೆಯೇ ಬೇಕು. ದೋಣಿಯನ್ನು ಬೋರಲು ಹಾಕಿಕೊಂಡು ಇಡೀ ದಿನ ಒಬ್ಬಳೇ ಬಳಿದಳು. ಯಾರನ್ನೂ ಹತ್ತಿರ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಓಬಣ್ಣನ ಮಗಳು ಗಾದೆಮ್ಮ ಗಂಡನ ಜೊತೆ ದೋಣಿ ಹತ್ತಿದಳು. ಮಡಿಲಲ್ಲಿ ಹೊಸ ಟೇಪ್‌ರೆಕಾರ್ಡರ್. ಉಚ್ಚಂಗೆಪ್ಪನ ಧೋತರಗಳನ್ನು ಹೊಲಿದು ಮಾಡಿದ್ದ ಹಾಯಿ ಕೊಕ್ಕರೆಯಂತೆ ಬೆಳ್ಳಗಿತ್ತು.

“ಬರ್ತೀನಿ ದೊಡ್ಡವ್ವ.”

ಅಂಜಿನಕ್ಕ ಹಗ್ಗ ಬಿಚ್ಚಿದಳು. “ನಡು ನೀರಿಗೆ ಹೋಗಬ್ಯಾಡ, ದಂಡಿ ಹಿಡ್ಕಂಡೇ ಹೋಗವ್ವ.”

ಆಗ ಓಬಣ್ಣನ ಕಣ್ಣು ಡಾಂಬರಿನ ಡಬ್ಬಿಯ ಪಕ್ಕಕ್ಕೆ ಬಿತ್ತು. ಅಲ್ಲಿ ಕುಯ್ದಿಟ್ಟ ಅರ್ಧ ಸಾಬೂನು.

ಬೀಡಿ ಬಾಯಿಂದ ಜಾರಿತು. ಅವನು ನೀರಿಗೆ ಧುಮುಕಿ ದೋಣಿಯ ಅಂಚು ಹಿಡಿದ.

“ಇಳಿ ಗಾದೆಮ್ಮಾ, ಇಳಿ! ಸಂದಿಯಾಗ ಸಾಬೂನು ತುಂಬ್ಯಾಳ! ನಡು ನೀರಾಗ ಕರಗತೈತಿ, ಮ್ಯಾಲಿನ ಡಾಂಬರು ಕಿತ್ಕಂಡು ಬರತೈತಿ! ನಮ್ಮಣ್ಣಂದೂ ಹಂಗೇ—”

ಅವನು ತಿರುಗಿ ನೋಡಿದ. ದಡದ ತುಂಬ ಬೀಗರು, ಬಂಧುಗಳು.

“ನಿಮ್ಮಣ್ಣಂದು ಗಾಳಿಗೆ ಮುಳುಗ್ತು ಅಂದಿದ್ಯಲ್ಲಲೇ,” ಎಂದ ಹಿರಿಯ ಭೀಮರಾಜ. “ಸಾಬೂನು ನಿನಗ ಹೆಂಗ ಗೊತ್ತು?”

ದೋಣಿಯ ತಳದಲ್ಲಿ ಒಂದು ಹನಿ ನೀರಿರಲಿಲ್ಲ.

ಇನ್ನರ್ಧ ಸಾಬೂನಿನಲ್ಲಿ ಅಂಜಿನಕ್ಕ ಗಂಡನ ಧೋತರದ ಹಾಯಿ ಒಗೆದಿದ್ದಳು.